ಕೊನೆಯ ಮರಿ ಹಾರಿದ ಮೇಲೆ

ಶಿಷ್ಯ ಕೇಳಿದ: "ಗುರುಗಳೇ, ನಮ್ಮೂರ ತೋಪನ್ನು ಕಡಿದು ಮನೆ ಕಟ್ಟುತ್ತಾರಂತೆ. ಒಂದು ಹಕ್ಕಿಗೂ ತೊಂದರೆ ಮಾಡುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ನಂಬಬಹುದೆ?"

ಗುರುಗಳು ಹೇಳಿದರು: "ನಂಬು. ಆ ಮಾತನ್ನು ಅವರು ಉಳಿಸಿಕೊಳ್ಳುತ್ತಾರೆ. ಕೇಳು."

ಒಬ್ಬ ರೈತನಿಗೆ ಹುಣಸೆ ತೋಪು ಇತ್ತು. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಕೊಕ್ಕರೆಗಳು ಬಂದು ಅಲ್ಲಿ ಗೂಡು ಕಟ್ಟುತ್ತಿದ್ದವು. ಮೊದಲ ಹಕ್ಕಿ ಇಳಿದ ದಿನ ರೈತನ ಹೆಂಡತಿ ಮರದ ಬುಡಕ್ಕೆ ಅರಿಶಿನ ಕುಂಕುಮ ಇಟ್ಟು, "ಮಗಳು ಬಾಣಂತನಕ್ಕೆ ಬಂದಳು" ಎನ್ನುತ್ತಿದ್ದಳು. ಮರಿಗಳು ಹಾರಿಹೋಗುವ ತನಕ ಆ ಮನೆಯವರು ಹುಣಸೆ ಬಡಿಯುತ್ತಿರಲಿಲ್ಲ. ಉದುರಿದ್ದನ್ನಷ್ಟೇ ಆರಿಸಿಕೊಳ್ಳುತ್ತಿದ್ದರು.

ಪೇಟೆ ಬೆಳೆಯುತ್ತಾ ತೋಪಿನ ಬೇಲಿಗೆ ಬಂತು. ಅದರ ಹಿಂದೆಯೇ ಒಬ್ಬ ವರ್ತಕ ಬಂದ. ಮನೆ ಕಟ್ಟಿ ಮಾರಲು ತೋಪು ಬೇಕೆಂದ. ಒಳ್ಳೆಯ ಬೆಲೆ ಹೇಳಿದ. ರೈತ ಒಪ್ಪಿದ. ಆದರೆ ಒಂದು ಷರತ್ತು ಹಾಕಿದ.

"ಹಕ್ಕಿ ಇರುವಾಗ ಕೊಡಲಿ ತಾಗಿಸಬಾರದು. ಕೊನೆಯ ಮರಿ ಹಾರಿದ ಮೇಲೆ ನಾನೇ ಹೇಳಿಕಳಿಸುತ್ತೇನೆ."

"ಬಾಣಂತೀನ ಎಬ್ಬಿಸೋವಷ್ಟು ಕಟುಕ ನಾನಲ್ಲ ಬಿಡಿ ಯಜಮಾನ್ರೇ," ಎಂದು ವರ್ತಕ ನಕ್ಕ.

ಐದು ತಿಂಗಳು ಅವನು ತೋಪಿನ ಕಡೆ ತಲೆ ಹಾಕಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಕೊನೆಯ ಮರಿ ಹಾರಿತು. ರೈತ ಹೇಳಿಕಳಿಸಿದ. ಒಂದು ವಾರದಲ್ಲಿ ನಲವತ್ತು ಮರ ನೆಲಕ್ಕೆ ಬಿದ್ದವು. ಒಂದು ಮೊಟ್ಟೆಯೂ ಒಡೆಯಲಿಲ್ಲ. ಎಂಥ ದಯಾವಂತರು ಎಂದು ಜನ ಇಬ್ಬರನ್ನೂ ಹೊಗಳಿದರು. ಹೊಗಳಿದವರಲ್ಲಿ ಕೆಲವರು ಅಲ್ಲೇ ಮನೆ ಕೊಂಡರು.

ಮುಂದಿನ ಸಂಕ್ರಾಂತಿ ಕಳೆಯಿತು. ಕೊಕ್ಕರೆಗಳು ಬಂದವು. ಕೊಕ್ಕಿನಲ್ಲಿ ಕಡ್ಡಿ ಹಿಡಿದು ತಾರಸಿಗಳ ಮೇಲೆ ಸುತ್ತಿದವು. ಇಳಿಯಲು ಕೊಂಬೆ ಇರಲಿಲ್ಲ. ರೈತ ಒಂದು ಮನೆಯ ಮಹಡಿ ಹತ್ತಿ ನಿಂತ. ಒಂದು ಹಕ್ಕಿ ನೀರಿನ ಟ್ಯಾಂಕಿನ ಮೇಲೆ ಕೂತು ಕಡ್ಡಿ ಇಟ್ಟಿತು. ಕಡ್ಡಿ ಜಾರಿತು. ಇನ್ನೊಂದು ತಂದಿತು. ಅದೂ ಜಾರಿತು.

ಆ ಮನೆಯಾಕೆ ಕೆಳಗಿನಿಂದ ಕೂಗಿದಳು: "ಏನ್ ಮಾವ, ನೋಡ್ತಾ ನಿಂತಿದ್ದೀರಲ್ಲ! ಟ್ಯಾಂಕ್ ಎಲ್ಲಾ ಗಲೀಜಾಗ್ತಿದೆ. ಓಡಿಸಬಾರದಾ?"

ರೈತ ಕೈ ಎತ್ತಿದ. ಓಡಿಸಲಾಗಲಿಲ್ಲ. ಕರೆಯಲೂ ಆಗಲಿಲ್ಲ.

ಕೆಳಗೆ ಅವನ ಹೆಂಡತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಿದ್ದಳು. ಸಿಮೆಂಟು ರಸ್ತೆಯ ಈ ತುದಿಯಿಂದ ಆ ತುದಿಗೆ ನಡೆದಳು. ಮತ್ತೆ ನಡೆದಳು. ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಮೂರು ದಿನ ಹಕ್ಕಿಗಳು ಸುತ್ತಿದವು. ನಾಲ್ಕನೆಯ ದಿನ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಆ ಇಬ್ಬರು ಮಾತ್ರ ವರ್ಷವರ್ಷವೂ ಆಕಾಶ ನೋಡುತ್ತಾರೆ.

ಶಿಷ್ಯ ತಡೆಯಲಾರದೆ ಕೇಳಿದ: "ಆದರೆ ಗುರುಗಳೇ, ವರ್ತಕ ಕೊಟ್ಟ ಮಾತಿಗೆ ತಪ್ಪಲಿಲ್ಲವಲ್ಲ?"

"ತಪ್ಪಲಿಲ್ಲ. 'ಮಗಳು ಎದ್ದು ಹೋದಳು, ಇನ್ನು ಅವಳ ತವರನ್ನು ಕೆಡವು' ಎಂದು ಹೇಳಿಕಳಿಸಿದವನು ಅಪ್ಪನೇ."