ಏಡಿ ಮರಳನ್ನು ಉಂಡೆ ಕಟ್ಟುವುದೇಕೆ?

ಭೂಮಿ ಇನ್ನೂ ಹೊಸತಾಗಿದ್ದ ಕಾಲ. ಎಲ್ಲಿ ಕೂರಬೇಕೆಂದು ಬೆಟ್ಟಗಳು ಆಗಷ್ಟೇ ತೀರ್ಮಾನಿಸಿದ್ದವು. ಮುಂದೆ ಬಂದು ಹಿಂದೆ ಹೋಗುವ ಅಭ್ಯಾಸ ಕಡಲಿಗೆ ಆಗಷ್ಟೇ ಹಿಡಿದಿತ್ತು. ಗಾಳಿ, ಹೊಳೆ, ಹಕ್ಕಿ, ಏಡಿ, ಎಲ್ಲಕ್ಕೂ ಮಾತು ಬರುತ್ತಿತ್ತು. ಸುಳ್ಳು ಹೇಳುವುದು ಮಾತ್ರ ಯಾರಿಗೂ ಬರುತ್ತಿರಲಿಲ್ಲ.

ಅದನ್ನು ಮೊದಲು ಕಲಿತದ್ದು ಏಡಿ. ಆ ಏಡಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕತೆ ಕೇಳಿದರೆ ನಿಮಗೂ ಬರುತ್ತದೆ.

ಕಡಲ ದಂಡೆಯಲ್ಲಿ ದುಗ್ಗಜ್ಜಿ ಎಂಬ ಅಜ್ಜಿ ಇದ್ದಳು. ಅವಳಿಗೊಬ್ಬಳು ಪುಟ್ಟ ಮೊಮ್ಮಗಳು, ಹೆಸರು ಬೊಮ್ಮಿ. ಬೊಮ್ಮಿಗೆ ನಡೆಯಲು ಬಂದು ಸ್ವಲ್ಪ ದಿನವಾಗಿತ್ತಷ್ಟೆ. ನಾಲ್ಕು ಹೆಜ್ಜೆ ಇಟ್ಟು ದೊಪ್ಪೆಂದು ಕೂರುತ್ತಿದ್ದಳು. ಮಾತೂ ಅಷ್ಟಕ್ಕಷ್ಟೇ. "ಅಜ್ಜಿ" ಅನ್ನುತ್ತಿದ್ದಳು, "ಇದು" ಅನ್ನುತ್ತಿದ್ದಳು, ಮತ್ತೆ "ಉಡುಕು" ಅನ್ನುತ್ತಿದ್ದಳು. ಹುಡುಕು ಅನ್ನಲು ಅವಳ ನಾಲಿಗೆ ಇನ್ನೂ ಹೊರಳುತ್ತಿರಲಿಲ್ಲ.

ಹುಡುಕುವುದೇ ಇಬ್ಬರ ಕೆಲಸ. ಕಡಲು ಹಿಂದೆ ಸರಿದ ಕೂಡಲೇ ಅಜ್ಜಿ, ಮೊಮ್ಮಗಳು ಒದ್ದೆ ಮರಳಿಗೆ ಇಳಿಯುತ್ತಿದ್ದರು. ಅಜ್ಜಿಗೆ ಸೊಂಟ ಬಗ್ಗುತ್ತಿರಲಿಲ್ಲ, ಆದರೆ ದೂರದ್ದು ಚೆನ್ನಾಗಿ ಕಾಣುತ್ತಿತ್ತು. ಬೊಮ್ಮಿಗೆ ಬಗ್ಗುವ ಕಷ್ಟವೇ ಇರಲಿಲ್ಲ, ಅವಳು ಇದ್ದದ್ದೇ ನೆಲದ ಹತ್ತಿರ. "ಅಲ್ಲಿ ಎಂತದೋ ಹೊಳೀತಾ ಉಂಟು, ಕಾಣು" ಎಂದು ಅಜ್ಜಿ ಕೈ ತೋರಿಸಿದರೆ ಬೊಮ್ಮಿ ಹೋಗಿ ಹೆಕ್ಕಿ ತರುತ್ತಿದ್ದಳು. ಕವಡೆ, ಬಿಳಿ ಗೆರೆಯ ಕಲ್ಲು, ಮೀನಿನ ಮುಳ್ಳು, ನೀರು ತಿಂದು ನುಣುಪಾದ ಮಡಕೆ ಚೂರು, ಎಲ್ಲವೂ ಅಜ್ಜಿಯ ಮಡಿಲಿಗೆ ಬೀಳುತ್ತಿದ್ದವು.

ಸಂಜೆ ಮನೆಗೆ ಹೋಗುವ ಮುಂಚೆ ಬೊಮ್ಮಿ ಒಂದು ಕೆಲಸ ಮಾಡುತ್ತಿದ್ದಳು. ಅವತ್ತು ಸಿಕ್ಕಿದ್ದರಲ್ಲಿ ಅತಿ ಚೆಂದದ್ದನ್ನು ದಂಡೆಯ ಬಳ್ಳಿಯ ಬುಡದಲ್ಲಿ ಹೂತು, ಮೇಲೆ ಪಟಪಟ ಬಡಿಯುತ್ತಿದ್ದಳು. ಮಾರನೆಯ ಬೆಳಿಗ್ಗೆ ಬಂದು ತಾನೇ ತೋಡಿ ತೆಗೆಯುತ್ತಿದ್ದಳು. ತೆಗೆದು, ಅದನ್ನು ಹಿಂದೆಂದೂ ನೋಡಿಯೇ ಇಲ್ಲ ಎಂಬಂತೆ ಬಾಯಿ ಬಿಡುತ್ತಿದ್ದಳು. ಅಜ್ಜಿಯೂ ಕೆನ್ನೆಗೆ ಕೈಯಿಟ್ಟು, "ಅಬ್ಬ, ಇದು ಎಲ್ಲಿಂದ ಬಂತೇ ಹೆಣ್ಣೆ?" ಅನ್ನಬೇಕಿತ್ತು. ಅನ್ನದಿದ್ದರೆ ಬೊಮ್ಮಿ ಅದನ್ನು ಮತ್ತೆ ಹೂತು ಮತ್ತೆ ತೆಗೆಯುತ್ತಿದ್ದಳು.

ಒಂದು ದಿನ ಬೊಮ್ಮಿಗೆ ಒಂದು ಚಿಪ್ಪು ಸಿಕ್ಕಿತು. ಹೊರಗೆಲ್ಲ ಬಿಳಿ, ಒಳಗೆ ಅವಳ ಅಂಗೈಯದೇ ಬಣ್ಣ. ಅವಳು ಅದನ್ನು ಅಜ್ಜಿಯ ಮಡಿಲಿಗೂ ಹಾಕಲಿಲ್ಲ. ದಿನವಿಡೀ ಹಿಡಿದುಕೊಂಡು ತಿರುಗಿದಳು. ಸಂಜೆ ಬಳ್ಳಿಯ ಬುಡದಲ್ಲಿ ಹೂತು, ಎಂದಿಗಿಂತ ಹೆಚ್ಚು ಹೊತ್ತು ಬಡಿದಳು.

ಬೆಳಿಗ್ಗೆ ಬಂದು ತೋಡಿದಳು. ಚಿಪ್ಪಿಲ್ಲ. ಪಕ್ಕದಲ್ಲಿ ತೋಡಿದಳು. ಇಲ್ಲ. ಬಳ್ಳಿಯ ಸುತ್ತ ತೋಡಿದಳು. ಇಲ್ಲವೇ ಇಲ್ಲ. ಅತ್ತಿದ್ದರೆ ಅಜ್ಜಿ ಸಮಾಧಾನ ಮಾಡುತ್ತಿದ್ದಳು. ಬೊಮ್ಮಿ ಅಳಲಿಲ್ಲ. ಬಿದ್ದಿದ್ದ ಎರಡು ಕಲ್ಲು ಹೆಕ್ಕಿ, ಎರಡು ಮುಷ್ಟಿಯಲ್ಲೂ ಗಟ್ಟಿಯಾಗಿ ಹಿಡಿದು ಮನೆಗೆ ನಡೆದಳು.

ಆಮೇಲೆ ಆ ಮುಷ್ಟಿ ಬಿಚ್ಚಲೇ ಇಲ್ಲ. ಅಜ್ಜಿ ಗಂಜಿ ಬಡಿಸಿದರೆ ಕೈ ಮುಂದೆ ಬರಲಿಲ್ಲ. ಮಲಗಿದಾಗಲೂ ಮುಷ್ಟಿ ಸಡಿಲಲಿಲ್ಲ. ದಂಡೆಗೆ ಕರೆದರೆ ಬಂದಳು, ಆದರೆ ಏನನ್ನೂ ಹೆಕ್ಕಲಿಲ್ಲ. ಹೂಳುವುದಂತೂ ದೂರದ ಮಾತು.

ದುಗ್ಗಜ್ಜಿಗೆ ನೆತ್ತಿಗೇರಿತು ನೋಡಿ ಸಿಟ್ಟು. ದೊಡ್ಡವರದನ್ನು ಕದ್ದರೆ ಹೋಗಲಿ ಅನ್ನಬಹುದು. ಹಾಲುಹಲ್ಲಿನ ಮಗು ನಂಬಿ ಇಟ್ಟದ್ದಕ್ಕೆ ಕೈ ಹಾಕುವುದೆಂದರೆ?

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಳಿಯ ಎದುರು ನಿಂತಳು. "ಏ ಗಾಳಿ, ನನ್ನ ಮೊಮ್ಮಗಳ ಚಿಪ್ಪು ಎಲ್ಲಿ?"

"ನಾನು ಮೇಲಿನ ಮರಳನ್ನು ಅಷ್ಟಿಷ್ಟು ಆಡಿಸ್ತೇನೆ ದುಗ್ಗಜ್ಜಿ. ಒಳಗೆ ಕೈ ಹಾಕುವ ಅಭ್ಯಾಸ ನಂಗಿಲ್ಲ. ಕಡಲನ್ನು ಕೇಳು" ಎಂದಿತು ಗಾಳಿ.

ಅಜ್ಜಿ ಮೊಣಕಾಲುದ್ದ ನೀರಿಗೆ ಇಳಿದಳು. "ಏ ಕಡಲೇ, ನನ್ನ ಮೊಮ್ಮಗಳ ಚಿಪ್ಪು ಎಲ್ಲಿ?"

"ನಾನು ಬಳ್ಳಿಯವರೆಗೆ ಬಂದೇ ಇಲ್ಲ ದುಗ್ಗೀ" ಎಂದಿತು ಕಡಲು. "ಆದರೆ ಅಲ್ಲಿ ಏಡಿ ಕೆದಕ್ತಾ ಇದ್ದದ್ದನ್ನು ಕಂಡಿದ್ದೇನೆ."

ಆಗಿನ ಏಡಿ ಶುದ್ಧ ಸೋಮಾರಿ. ಮರಳ ಮೇಲೆ ಹೊಟ್ಟೆ ಚಾಚಿ ಬಿಸಿಲು ಕಾಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಅಜ್ಜಿ ಬರುವುದು ಕಂಡು ಅದರ ಕಣ್ಣೆರಡೂ ನೆಟ್ಟಗೆ ಎದ್ದು ನಿಂತವು.

"ನನ್ನ ಮೊಮ್ಮಗಳ ಚಿಪ್ಪು ಎಲ್ಲಿ?"

"ಚಿಪ್ಪಾ? ಯಾವ ಚಿಪ್ಪು? ನಾನು ಕಂಡೇ ಇಲ್ಲ" ಎಂದಿತು ಏಡಿ.

ಅದೇ ಲೋಕದ ಮೊದಲ ಸುಳ್ಳು. ಗಾಳಿ ಬೀಸುವುದನ್ನು ನಿಲ್ಲಿಸಿತು. ಬರುತ್ತಿದ್ದ ಅಲೆ ಅರ್ಧಕ್ಕೇ ನಿಂತಿತು.

"ಕೊಂಡಿಯಲ್ಲಿ ಬಳ್ಳಿಯ ಬೇರು ಸಿಕ್ಕಿಕೊಂಡು ಉಂಟಲ್ಲ, ಅದೆಂತ?" ಎಂದು ಅಜ್ಜಿ ಕೇಳಿದಳು.

ಸಿಕ್ಕಿಬಿದ್ದ ಏಡಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ನಾಚಿಕೆಯ ಬದಲು ವಾದ ಶುರು ಮಾಡಿತು. "ಹೌದು, ತೆಗೆದೆ. ಈಗ ಎಂತ? ಬೇಕಾದ್ದನ್ನು ಯಾರಾದರೂ ಮಣ್ಣಿಗೆ ಹಾಕ್ತಾರಾ? ಬೇಡ ಅಂತ ಹೂತದ್ದು ಅಂದ್ಕೊಂಡೆ. ಮರಳಲ್ಲಿ ಇದ್ದದ್ದು ಮರಳಲ್ಲಿ ಇರುವವರಿಗೆ."

"ಬೇಡದ್ದನ್ನು ಯಾರೂ ಅಷ್ಟು ಹೊತ್ತು ಬಡಿದು ಮಲಗಿಸೂದಿಲ್ಲ" ಎಂದಳು ದುಗ್ಗಜ್ಜಿ. "ಚಿಪ್ಪು ಹೋದರೆ ಹೋಗಲಿ. ಕಡಲಲ್ಲಿ ಬೇಕಾದಷ್ಟು ಉಂಟು. ಆದರೆ ನೆಲ ತನ್ನದನ್ನು ಕಾಪಾಡ್ತದೆ ಅಂತ ನಂಬಿದ ಮಗು ಅದು. ಈಗ ಉಣ್ಣಲಿಕ್ಕೂ ಕೈ ಬಿಚ್ಚೂದಿಲ್ಲ. ತಾ ಚಿಪ್ಪನ್ನು."

ಏಡಿಯ ಕಣ್ಣೆರಡೂ ಕೆಳಗಿಳಿದವು. ಕದ್ದ ಮಾಲನ್ನು ಬಚ್ಚಿಡಬೇಕೆಂದು ಅದೂ ಒಂದು ಕಡೆ ಹೂತಿತ್ತು. ಆದರೆ ಹುಟ್ಟಿದ ಮೇಲೆ ಏನನ್ನೂ ಹೂತು ಗೊತ್ತಿಲ್ಲದ ಪ್ರಾಣಿ, ಗುರುತಿಗೊಂದು ಕಡ್ಡಿ ಕೂಡ ನೆಟ್ಟಿರಲಿಲ್ಲ. ಒದ್ದೆ ಮರಳಿನಲ್ಲಿ ಎಲ್ಲೋ ತುರುಕಿ ಬಂದಿತ್ತು. "ಎಲ್ಲಿ ಅಂತಲೇ ಮರೆತು ಹೋಯ್ತು" ಎಂದಿತು.

"ಹುಡುಕು" ಎಂದಳು ಅಜ್ಜಿ.

"ಇಷ್ಟು ದೊಡ್ಡ ದಂಡೆಯಲ್ಲಾ?"

"ಕಾಳು ಕಾಳು ಹುಡುಕು. ಒಂದು ಕಾಳು ಬಿಟ್ಟರೂ ನಾನು ಸುಮ್ಮನಿರೂದಿಲ್ಲ."

ಏಡಿ ಹುಡುಕತೊಡಗಿತು. ಚಿಟಿಕೆ ಮರಳು ಬಾಯಿಗೆ ಹಾಕಿ, ಅದರಲ್ಲಿ ಚಿಪ್ಪಿನ ರುಚಿ ಇದೆಯಾ ಎಂದು ನೋಡಿತು. ಇಲ್ಲ. ನೋಡಿ ಮುಗಿದ ಮರಳು ನೋಡದ ಮರಳಿನ ಜೊತೆ ಸೇರಬಾರದೆಂದು ಉಂಡೆ ಕಟ್ಟಿ ಪಕ್ಕಕ್ಕಿಟ್ಟಿತು. ಮತ್ತೆ ಚಿಟಿಕೆ ಮರಳು, ಮತ್ತೆ ಉಂಡೆ. ದಂಡೆಯ ತುಂಬ ಉಂಡೆಯೋ ಉಂಡೆ. ಇನ್ನೇನು ಮುಗಿಯಿತು ಅನ್ನುವಾಗ ಕಡಲು ಮುಂದೆ ಬಂದು ಎಲ್ಲವನ್ನೂ ಸಪಾಟು ಮಾಡಿತು.

ಏಡಿ ಕೊಂಡಿ ಎತ್ತಿ ಕೂಗಾಡಿತು. "ಕಡಲೇ, ಇದು ಅನ್ಯಾಯ. ಅಷ್ಟು ಕಷ್ಟಪಟ್ಟು ಇಟ್ಟದ್ದನ್ನು ಹೀಗೆ ಅಳಿಸೂದಾ?"

"ಅಷ್ಟು ಕಷ್ಟಪಟ್ಟು ಇಟ್ಟದ್ದು ಹೋದರೆ ಹೇಗಾಗ್ತದೆ ಅಂತ ಈಗ ಗೊತ್ತಾಯ್ತಾ?" ಎಂದಿತು ಕಡಲು. ನೀರು ಇಳಿದ ಮೇಲೆ ಏಡಿ ಮೊದಲಿನಿಂದ ಶುರು ಮಾಡಿತು.

ಬೊಮ್ಮಿ ಮುಷ್ಟಿ ಬಿಗಿಹಿಡಿದೇ ಇದನ್ನೆಲ್ಲ ನೋಡುತ್ತಿದ್ದಳು. ಮರುದಿನವೂ ಬಂದು ನೋಡಿದಳು. ಏಡಿ ಸೋತು ಹೋಗಿತ್ತು. ಅದರ ಕಣ್ಣುಗಳು ಜೋಲುತ್ತಿದ್ದವು. ಬೊಮ್ಮಿ ನಾಲ್ಕು ಹೆಜ್ಜೆ ಹೋಗಿ ಅದರ ಎದುರು ದೊಪ್ಪೆಂದು ಕೂತಳು.

"ಆ ಕಳ್ಳನ ಹತ್ತಿರ ಹೋಗಬೇಡ ಮಗಾ" ಎಂದಳು ಅಜ್ಜಿ.

ಬೊಮ್ಮಿ ಕೇಳಲಿಲ್ಲ. ಬಲಗೈ ಮುಷ್ಟಿ ಬಿಚ್ಚಿದಳು. ಕಲ್ಲನ್ನು ಏಡಿಯ ಮುಂದೆ, ಅದಕ್ಕೆ ಚೆನ್ನಾಗಿ ಕಾಣುವಂತೆ, ಮರಳಿನಲ್ಲಿ ಹೂತಳು. ಪಟಪಟ ಬಡಿದಳು. ಆಮೇಲೆ ಏಡಿಯ ಮುಖ ನೋಡಿ, "ಉಡುಕು" ಎಂದಳು.

"ಕೊಟ್ಟು ಕೊಟ್ಟು ಕಳ್ಳನಿಗೇ ಕೊಡೂದಾ?" ಎಂದು ಅಜ್ಜಿ ಸಿಡಿದಳು. ನಾನಾಗಿದ್ದರೂ ಸಿಡಿಯುತ್ತಿದ್ದೆ.

ಏಡಿ ಒಮ್ಮೆ ಅಜ್ಜಿಯನ್ನು, ಒಮ್ಮೆ ಮಗುವನ್ನು ನೋಡಿತು. ಮೆಲ್ಲಗೆ ಮರಳು ಸರಿಸಿ, ಕಲ್ಲನ್ನು ಎತ್ತಿ, ಎರಡೂ ಕೊಂಡಿಯಲ್ಲಿ ಹಿಡಿದು ಬೊಮ್ಮಿಗೆ ಚಾಚಿತು. ಅದನ್ನು ಹಿಂದೆಂದೂ ನೋಡಿಯೇ ಇಲ್ಲ ಎಂಬಂತೆ ಬೊಮ್ಮಿ ಬಾಯಿ ಬಿಟ್ಟಳು. ತೆಗೆದುಕೊಳ್ಳಲು ಎಡಗೈಯನ್ನೂ ಬಿಚ್ಚಿದಳು.

ಅವತ್ತು ಬೊಮ್ಮಿ ಗಂಜಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡಳು.

ಆ ಚಿಪ್ಪು ಮಾತ್ರ ಸಿಗಲೇ ಇಲ್ಲ. ಬೊಮ್ಮಿ ಕ್ಷಮಿಸಿರಬಹುದು, ದುಗ್ಗಜ್ಜಿ ಕ್ಷಮಿಸಲಿಲ್ಲ. "ಹುಡುಕು" ಎಂದು ಹೇಳಿದ್ದು ಹೇಳಿದ್ದೇ. ಆ ಏಡಿಯ ಮಕ್ಕಳು, ಮೊಮ್ಮಕ್ಕಳು, ಅವುಗಳ ಮೊಮ್ಮಕ್ಕಳು ಇನ್ನೂ ಹುಡುಕುತ್ತಲೇ ಇವೆ. ಅದು ಹುಡುಕುವುದಲ್ಲ, ಏಡಿ ಮರಳಿನಲ್ಲಿ ಊಟ ಮಾಡುತ್ತಿದೆ ಎಂದು ಯಾರಾದರೂ ತಿಳಿದವರು ನಿಮಗೆ ಹೇಳಬಹುದು. ಹೇಳಿಕೊಳ್ಳಲಿ.

ಕಡಲು ಇಳಿದಾಗ ನೀವೂ ದಂಡೆಗೆ ಹೋಗಿ ನೋಡಿ, ಒದ್ದೆ ಮರಳ ತುಂಬ ಸಣ್ಣ ಸಣ್ಣ ಉಂಡೆಗಳಿರುತ್ತವೆ. ದೊಡ್ಡವರ ಹೆಜ್ಜೆ ಕೇಳಿದರೆ ದುಗ್ಗಜ್ಜಿ ಬಂದಳೆಂದು ಏಡಿಗಳು ಸರಕ್ಕನೆ ಬಿಲಕ್ಕೆ ನುಗ್ಗುತ್ತವೆ. ಒಂದು ಪುಟ್ಟ ಮಗು ಬಂದು ಸುಮ್ಮನೆ ಕೂತರೆ, ಒಂದೊಂದಾಗಿ ಹೊರಗೆ ಬಂದು ಅದರ ಕೈಯನ್ನೇ ನೋಡುತ್ತವೆ.