ಬರ್ತೀನಿ ಅಂದು ಹೋದವಳು

"ಕೇಳ್ರಪ್ಪೋ ಕೇಳಿ! ಪರದೇಶದಿಂದ ಬಂದ ನಮ್ಮ ರಾಣಿಯಮ್ಮನವರು ಕನ್ನಡ ಆಡುವುದನ್ನೇ ಬಿಟ್ಟಿದ್ದಾರೆ. ಅವರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ. ಯಾರೂ ಬಿಡಿಸದಿದ್ದರೆ ಶುಕ್ರವಾರದ ಹಡಗಿಗೆ ರಾಣಿಯಮ್ಮ ತವರಿಗೆ ಹೊರಡುತ್ತಾರೆ!"

ಐದಾರು ದಿನದಿಂದ ಹೊತ್ತುಹೊತ್ತಿಗೂ ಇದೇ ಡಂಗುರ. ಸಾರುವವನಿಗೂ ಸಾಕಾಗಿತ್ತು, ಕೇಳುವವರಿಗೂ ಸಾಕಾಗಿತ್ತು. ರಾಜನಂತೂ ಕೂತಲ್ಲೇ ತೂಕಡಿಸುತ್ತಿದ್ದ.

ರಾಣಿ ತನ್ನ ಭಾಷೆಯಲ್ಲಿ ಕೇಳುವಳು, ದುಭಾಷಿ ಕನ್ನಡದಲ್ಲಿ ಹೇಳುವನು: "ಬರುತ್ತೇನೆ ಎನ್ನುತ್ತಾ ಹೋಗುವವರು ಯಾರು? ದೊಡ್ಡದು ಮಾಡಿದರೆ ಕತ್ತಲಾಗುವುದು ಯಾವುದು? ಹೆಚ್ಚಾಯಿತು ಅಂದಾಗ ಬರಿದಾಗಿರುವ ಭರಣಿ ಯಾವುದು?"

ಒಬ್ಬರು ಪಂಡಿತರು "ಸೂರ್ಯ, ನೆರಳು, ಸಮುದ್ರ" ಅಂದರು. ಇನ್ನೊಬ್ಬರು "ಯೌವನ, ಅಹಂಕಾರ, ದುರಾಸೆ" ಅಂದರು. ಅಯ್ಯೋ, ಎಷ್ಟು ಓದಿದರೇನು! ಶುಕ್ರವಾರ ತಲೆ ತೆಗೆಯಲೆಂದು ಇಬ್ಬರನ್ನೂ ಸೆರೆಮನೆಗೆ ತಳ್ಳಿದರು.

ಗುರುವಾರ ಹಾಯಿಬಟ್ಟೆ ಹೊಲಿಯುವ ದುಗ್ಗ ಬಂದ. ಕಾವಲುಗಾರ ಆಕಳಿಸುತ್ತಾ, "ನಿನಗ್ಯಾಕಪ್ಪಾ ಈ ಉಸಾಬರಿ?" ಅಂದ.

ದುಗ್ಗ ಒಳಗೆ ಹೋಗಿ ಕೈಮುಗಿದ. "ತಾಯಿ, ಉತ್ತರ ನಮ್ಮ ಮಾತಿನಲ್ಲೇ ಇದೆ. ಹೊರಡುವಾಗ ನಾವು ಹೋಗ್ತೀನಿ ಅನ್ನಲ್ಲ, ಬರ್ತೀನಿ ಅಂತೀವಿ. ದೀಪ ಆರಿಸು ಅನ್ನಲ್ಲ, ದೊಡ್ಡದು ಮಾಡು ಅಂತೀವಿ. ಕುಂಕುಮ ಮುಗೀತು ಅನ್ನಲ್ಲ, ಹೆಚ್ಚಾಯ್ತು ಅಂತೀವಿ. ಕೆಟ್ಟದ್ದನ್ನ ಬಾಯಲ್ಲಿ ಆಡೋಕೆ ನಮಗೆ ಹೆದರಿಕೆ."

ರಾಜನ ನಿದ್ದೆ ಹಾರಿತು. "ದಿನಾ ಆಡೋ ಮಾತು! ನಮಗ್ಯಾಕೆ ಹೊಳೀಲಿಲ್ಲ?"

"ದಿನಾ ಆಡೋದಕ್ಕೇ ಹೊಳೀಲಿಲ್ಲ ಬುದ್ಧಿ. ಹಡಗಿನಲ್ಲಿ ರಾಣಿಯಮ್ಮನ ತವರಿಗೆ ಹೋಗಿದ್ದಾಗ ಅವರ ಭಾಷೆ ಕಲಿತೆ. ಒಂದು ಮನೇಲಿ ಉಂಡು ಏಳುವಾಗ ಅವರ ಭಾಷೇಲೇ ಬರ್ತೀನಿ ಅಂದೆ. ಪಾಪ, ಆ ಯಜಮಾನಿ ಅಡುಗೆ ಬಿಸಿ ಇಟ್ಟುಕೊಂಡು ಸಂಜೆತನಕ ಕಾದಳಂತೆ. ಮಾರನೇ ದಿನ ಸರಿಯಾಗಿ ಬೈದಳು. ಆವತ್ತೇ ನನ್ನ ಮಾತು ನನಗೆ ಕೇಳಿಸಿದ್ದು."

ರಾಣಿ ತನ್ನ ಭಾಷೆಯಲ್ಲೇ ಕೇಳಿದಳು. ಈ ಸಲ ದುಭಾಷಿ ಬೇಕಾಗಲಿಲ್ಲ. "ನನಗೆ ಕನ್ನಡ ಕಲಿಸಿದವಳು ಗಿರಿಜಮ್ಮ. ಕಾಯಿಲೆ ಬಿದ್ದು ಊರಿಗೆ ಹೊರಟಾಗ ಬರ್ತೀನಿ ಅಂದಳು. ಎರಡು ವರ್ಷ ಬಾಗಿಲು ನೋಡಿದೆ. ಅಲ್ಲೇ ತೀರಿಕೊಂಡಳಂತೆ. ಸುಳ್ಳು ಹೇಳಿ ಹೋದಳಲ್ಲ, ಅವಳ ಭಾಷೆ ನನಗ್ಯಾಕೆ?"

"ಸುಳ್ಳಲ್ಲ ತಾಯಿ. ನಿಮಗೆ ಹೋಗ್ತೀನಿ ಅನ್ನೋಕೆ ಅವಳಿಗೆ ಬಾಯಿ ಬರಲಿಲ್ಲ."

ರಾಣಿ ಸೆರಗು ಮುಖಕ್ಕೊತ್ತಿ ಅತ್ತಳು.

ಏನು ಬೇಕೆಂದು ರಾಜ ಕೇಳಿದಾಗ ದುಗ್ಗ, ಆ ಇಬ್ಬರು ಪಂಡಿತರನ್ನು ಮನೆಗೆ ಕಳಿಸಿ ಅಂದ. ರಾಜ ಒಪ್ಪಿದ. ದುಗ್ಗ ಎದ್ದು, "ಬರ್ತೀನಿ ತಾಯಿ" ಅಂದ.

"ಹೋಗಿ ಬಾ" ಅಂದಳು ರಾಣಿ, ಕನ್ನಡದಲ್ಲಿ. ಆಮೇಲೆ ಗಾಬರಿಯಿಂದ ಸೇರಿಸಿದಳು: "ನಾಳೆ ಬೆಳಿಗ್ಗೆ ನಿಜವಾಗಿಯೂ ಬಾ. ನನ್ನ ಪಾಠ ಅರ್ಧಕ್ಕೇ ನಿಂತಿದೆ."