ಕಟ್ಟಿಕೊಂಡ ನಳಿಕೆ

"ಮೇಷ್ಟ್ರೇ, ಆಸ್ಪತ್ರೆಗೆ ಮತ್ತೆ ಬಂದ ರೋಗಿಗೆ ಹಳೆಯ ಕಾಯಿಲೆಯ ಕೋಡ್ ಸಂಖ್ಯೆಯನ್ನೇ ಹಾಕಿದರೆ ಯಾರ ಗಂಟೇನು ಹೋಗುತ್ತದೆ?" ಎಂದು ಅವರಲ್ಲಿ ಕಲಿಯುತ್ತಿದ್ದ ನಾಗವೇಣಿ ಕೇಳಿದಳು. ಊಟದ ನಳಿಕೆ ಕಳಚಿಕೊಂಡು ಮರಳಿ ಬಂದ ಮುದುಕಿಯೊಬ್ಬಳ ಕಡತ ಅವಳ ಮುಂದಿತ್ತು.

ಸೋಮಣ್ಣ ಮೇಷ್ಟ್ರು ಮೂವತ್ತು ವರ್ಷ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೂತು, ನಿವೃತ್ತಿಯ ಮೇಲೆ ಕಾಯಿಲೆಗಳ ಕೋಡ್ ಬರೆಯುವುದನ್ನು ಕಲಿಸುತ್ತಿದ್ದವರು. ಆ ಕೋಣೆ, ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತಗಳು, ಶಾಯಿಯ ವಾಸನೆ ಎಲ್ಲ ನೆನಪಾಗಿ ಅವರ ಜೀವ ಹಿಗ್ಗಿತು. ಮರುಗಳಿಗೆಗೇ ಕುಗ್ಗಿತು. ಕನ್ನಡಕ ತೆಗೆದಿಟ್ಟು ಕತೆ ಶುರುಮಾಡಿದರು.

ಒಂದು ಆಸ್ಪತ್ರೆಯಲ್ಲಿ ಒಬ್ಬ ಗುಮಾಸ್ತನಿದ್ದ. ಮನುಷ್ಯ ಒಳ್ಳೆಯವನು. ಅದು ಪುರುಸೊತ್ತಿನ ಕಾಲ. ಬಂದವರನ್ನು ಕೂರಿಸಿ, ನೀರು ಕೊಟ್ಟು, ಮಳೆ ಬೆಳೆ ವಿಚಾರಿಸುತ್ತಿದ್ದ. ಈಗ ಯಾರಿಗಿದೆ ಅಷ್ಟು ವ್ಯವಧಾನ? ಬರೆಯುವಾಗ ಮಾತ್ರ ಅವನದೊಂದು ಚಾಳಿ. ರೋಗಿ ಮತ್ತೆ ಬಂದರೆ ಹಳೆಯ ಹಾಳೆ ತಿರುವಿ, ಅಲ್ಲಿದ್ದ ಸಂಖ್ಯೆಯನ್ನೇ ಇಳಿಸಿಬಿಡುತ್ತಿದ್ದ.

ಒಬ್ಬ ಹೆಂಗಸು ಗಂಡನನ್ನು ಕರೆತಂದಳು. ಪಾರ್ಶ್ವವಾಯು ಹೊಡೆದು ಆತನಿಗೆ ನುಂಗಲಾಗುತ್ತಿರಲಿಲ್ಲ. ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ಕಳುಹಿಸಿದರು. ತೆಳ್ಳಗೆ ಮಾಡಿದರೆ ಗಂಡನಿಗೆ ಶಕ್ತಿ ಬಾರದೆಂದು ಆಕೆ ರಾಗಿ ಗಂಜಿಯನ್ನು ಗಟ್ಟಿಯಾಗಿ ಕಾಯಿಸಿ ಹುಯ್ದಳು. ಆಮೇಲೆ ನೀರು ಬಿಟ್ಟು ನಳಿಕೆ ತೊಳೆಯಬೇಕೆಂದು ಆಕೆಗೆ ಯಾರೂ ಹೇಳಿರಲಿಲ್ಲ. ತಿಂಗಳೊಳಗೆ ಮರಳಿ ಬಂದಳು.

"ಪೈಪು ಕಟ್ಕೊಂಡೈತೆ ಸ್ವಾಮಿ. ನೆನ್ನೆಯಿಂದ ಅವ್ರ ಹೊಟ್ಟೆಗೇನೂ ಇಲ್ಲ."

"ಎಲ್ಲ ಸರಿಹೋಗುತ್ತೆ ತಾಯಿ, ಕೂತ್ಕೊ," ಎಂದ ಗುಮಾಸ್ತ, ನಳಿಕೆ ಕಟ್ಟಿದ್ದಕ್ಕೆ ಬೇರೆ ಸಂಖ್ಯೆಯಿದ್ದರೂ ಪಾರ್ಶ್ವವಾಯುವಿನ ಸಂಖ್ಯೆಯನ್ನೇ ಬರೆದ.

ಡಾಕ್ಟರು ನಳಿಕೆ ಬದಲಿಸಿದರು. ಹೀಗೆ ಮೂರು ಸಲ ಆಯಿತು. ಹೀಗೆ ಬಂದವರು ಆಕೆಯೊಬ್ಬಳೇ ಅಲ್ಲ. ವರ್ಷದ ಕೊನೆಗೆ ದೊಡ್ಡ ಡಾಕ್ಟರು ಪಟ್ಟಿ ತರಿಸಿ ನೋಡಿದರು. ಮರಳಿ ಬಂದವರಲ್ಲಿ ಹೆಚ್ಚಿನವರು ಪಾರ್ಶ್ವವಾಯುವಿನವರು. ಪಾಪ, ಕೈಕಾಲಿಗೆ ವ್ಯಾಯಾಮ ಹೇಳಿಕೊಡಲು ಒಬ್ಬರನ್ನು ನೇಮಿಸಿದರು. ನಳಿಕೆ ತೊಳೆಯುವುದನ್ನು ಹೇಳಿಕೊಡಲು ಯಾರನ್ನೂ ನೇಮಿಸಲಿಲ್ಲ. ಅಂಥದೊಂದು ತೊಂದರೆ ಇದೆಯೆಂದೇ ಪಟ್ಟಿಯಲ್ಲಿರಲಿಲ್ಲ.

ಮಳೆಗಾಲದಲ್ಲಿ ನಳಿಕೆ ನಾಲ್ಕನೆಯ ಸಲ ಕಟ್ಟಿತು. ಹೊಳೆ ತುಂಬಿ ಆರು ದಿನ ದಾರಿ ಬಂದ್ ಆಯಿತು. ನೀರಿಳಿದ ಮೇಲೆ ಆಕೆ ಒಬ್ಬಳೇ ಬಂದಳು. ಗುಮಾಸ್ತನಿಗೆ ಕೈಮುಗಿದು, "ಇಷ್ಟು ದೊಡ್ಡ ಆಸ್ಪತ್ರೇಲಿ ನೀವೊಬ್ರೇ ನಮ್ಮನ್ನ ಕೂರ್ಸಿ ಮಾತಾಡ್ಸಿದ್ದು," ಎಂದಳು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ಆ ಮಾತು ನೆನೆದಾಗಲೆಲ್ಲ ಅವರಿಗೆ ಸಂಕಟವಾಗುತ್ತಿತ್ತು.

ನಾಗವೇಣಿಗೆ ಸಮಾಧಾನವಾಗಲಿಲ್ಲ. "ಆತನಿಗೆ ಪಾರ್ಶ್ವವಾಯು ಇದ್ದದ್ದು ನಿಜ ತಾನೇ ಮೇಷ್ಟ್ರೇ? ಗುಮಾಸ್ತ ಸುಳ್ಳೇನೂ ಬರೆಯಲಿಲ್ಲವಲ್ಲ," ಎಂದಳು.

"ನಿಜ ತಾಯಿ, ಆದರೆ ಆತ ಸತ್ತದ್ದು ಹಸಿವಿನಿಂದ."

ನಾಗವೇಣಿ ಮುದುಕಿಯ ಕಡತ ಎಳೆದುಕೊಂಡು, ನಳಿಕೆ ಕಳಚಿದ್ದರ ಸಂಖ್ಯೆ ಹುಡುಕತೊಡಗಿದಳು.